ಮೂಲ ಪ್ರತಿ, ನಕಲು ಪ್ರತಿ: ಸಿನಿಮಾ ಮನೆಗೆ ಬಂದ ಚರಿತ್ರೆ



ಒಂದೇ ಸಿನಿಮಾ ಒಬ್ಬರ ಮನೆಯ ಟೀವಿಯಲ್ಲಿ ತೊಳೆದಿಟ್ಟ ಕಂಚಿನ ತಟ್ಟೆಯಂತೆ ಹೊಳೆಯುತ್ತದೆ, ಪಕ್ಕದ ಮನೆಯಲ್ಲಿ ಹೊಗೆ ಹಿಡಿದ ಅಡುಗೆಮನೆಯ ಗೋಡೆಯಂತೆ ಕಾಣುತ್ತದೆ. ಏಕೆ ಹೀಗೆ? ಟೀವಿ ಹಳೆಯದು ಎನ್ನುತ್ತೇವೆ, ಇಲ್ಲವೇ ಸಿನಿಮಾನೇ ಹಳೆಯದು ಎನ್ನುತ್ತೇವೆ. ಎಷ್ಟೋ ವೇಳೆ ಎರಡೂ ಕಾರಣವಲ್ಲ. ಆ ಸಿನಿಮಾ ಯಾವ ಪ್ರತಿಯಿಂದ, ಯಾವ ದಾರಿ ಹಿಡಿದು, ಎಷ್ಟು ಕೈ ದಾಟಿ ನಮ್ಮ ಮನೆಗೆ ಬಂತು ಎಂಬುದೇ ಕಾರಣ. ಆ ದಾರಿಗೂ ಒಂದು ಚರಿತ್ರೆ ಇದೆ. ಅದನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ಇದು ಸಿನಿಮಾ ಹುಚ್ಚಿನವರ ಮಾತಲ್ಲವೇ, ಚರಿತ್ರೆಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ನಮ್ಮ ಸ್ಥಿತಿಯನ್ನು ನೋಡಿ. ಪಾಲಮಲೆಯ ಮೇಲೂ ಕೆಳಗಿನ ಕೊಳತ್ತೂರು, ಮೆಟ್ಟೂರು, ಪೆನ್ನಾಗರದ ಕಡೆಯ ಹಳ್ಳಿಗಳಲ್ಲೂ ಮನೆಯೊಳಗೆ ಕನ್ನಡ ಆಡುತ್ತೇವೆ, ಹೊಸಿಲು ದಾಟಿದರೆ ತಮಿಳು. ಮಕ್ಕಳು ಓದುವುದು, ಬರೆಯುವುದು ತಮಿಳಿನಲ್ಲಿ. ಅದರಲ್ಲಿ ತಪ್ಪೇನಿಲ್ಲ, ಎರಡೂ ನಮ್ಮವೇ. ಆದರೆ ಕನ್ನಡ ಅಕ್ಷರ ಕಾಣದ ಮನೆಗೆ ಕನ್ನಡದ ಒಳ್ಳೆಯ ಮಾತು, ಪುರಾಣ, ಗಾದೆ, ಮಂಡಿಸುವ ರೀತಿ ಎಲ್ಲವೂ ಬಂದದ್ದು ಬಹುಪಾಲು ರೇಡಿಯೋದಿಂದ ಮತ್ತು ಸಿನಿಮಾದಿಂದ. ಡಾ. ರಾಜ್‌ಕುಮಾರ್ ಅವರ ಗಾಜನೂರೇ ಇಂದು ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದೆ. ಅವರೂ ನಮ್ಮ ಹಾಗೆ ಗಡಿಯವರು. ಅವರ ಮಾತು ನಮಗೆ ಪಠ್ಯಪುಸ್ತಕವಿದ್ದ ಹಾಗೆ. ಆ ಪುಸ್ತಕದ ಅಕ್ಷರ ಅಳಿಸಿಹೋಗಿದ್ದರೆ, ಹಾಳೆ ಅರ್ಧ ಹರಿದಿದ್ದರೆ, ಓದುವ ಹುಡುಗ ಏನೆಂದುಕೊಳ್ಳುತ್ತಾನೆ? ಕನ್ನಡವೇ ಹಳತಾಯಿತು, ಮಾಸಿತು ಎಂದುಕೊಳ್ಳುತ್ತಾನೆ. ಹಾಗಾಗಿ ಇದು ಬರೀ ಚಿತ್ರದ ಅಂದಚೆಂದದ ಮಾತಲ್ಲ.

ಬ್ಯಾಂಕಿನಲ್ಲಿ ಕೆಲಸ ಮಾಡಿದವನು ನಾನು. ಕಾರ್ಬನ್ ಕಾಗದ ಇಟ್ಟು ನಾಲ್ಕು ಪ್ರತಿ ಬರೆದರೆ ಮೊದಲನೆಯದು ಕಪ್ಪಗೆ, ಎರಡನೆಯದು ನೀಲಿಗೆ, ನಾಲ್ಕನೆಯದರಲ್ಲಿ ಮೂರೋ ಎಂಟೋ ತಿಳಿಯದು. ಸಿನಿಮಾದ ಕಥೆಯೂ ಇಷ್ಟೇ. ಕ್ಯಾಮೆರಾದೊಳಗೆ ಓಡಿದ ಫಿಲ್ಮೇ ಮೂಲ, ಅದಕ್ಕೆ ನೆಗೆಟಿವ್ ಎಂದು ಹೆಸರು. ಅದರಿಂದ ತೆಗೆದದ್ದು ಥಿಯೇಟರಿನಲ್ಲಿ ಓಡುವ ಪ್ರಿಂಟು. ಒಂದು ಸೆಕೆಂಡಿಗೆ 24 ಚಿತ್ರ. ಎರಡೂವರೆ ಗಂಟೆಯ ಸಿನಿಮಾ ಎಂದರೆ 2,16,000 ಚಿತ್ರಗಳು, 13,500 ಅಡಿ ಫಿಲ್ಮು. ನೆಗೆಟಿವ್ ಚೆನ್ನಾಗಿದ್ದರೆ ಎಷ್ಟು ಪ್ರಿಂಟಾದರೂ ತೆಗೆಯಬಹುದು. ನೆಗೆಟಿವ್ ಹೋದರೆ, ಓಡಿ ಓಡಿ ಗೀಚಿದ ಪ್ರಿಂಟೇ ಗತಿ. ಪ್ರಿಂಟೂ ಹೋದರೆ ಸಿನಿಮಾ ಸತ್ತ ಹಾಗೆ.

ಸತ್ತದ್ದೂ ಉಂಟು. ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನ 1934ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ತೆರೆಕಂಡಿತು. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅದೇ 1934ರಲ್ಲಿ ನಮ್ಮ ಮೆಟ್ಟೂರು ಅಣೆಕಟ್ಟೂ ಮುಗಿಯಿತು, ಊರುಗಳು ಮುಳುಗಿದವು. ಆದರೆ ಅಣೆಯ ನೀರು ಇಳಿದ ವರ್ಷ ಪಣ್ಣವಾಡಿಯಲ್ಲಿ ಮುಳುಗಿದ ಗುಡಿಯ ನಂದಿ ತಲೆಯೆತ್ತುತ್ತದೆ, ನಾವು ಹೋಗಿ ನೋಡಿ ಕೈಮುಗಿದು ಬರುತ್ತೇವೆ. ಕಲ್ಲು ನೀರಿನಡಿ ಇದ್ದರೂ ಕಾಯುತ್ತದೆ. ಫಿಲ್ಮು ಕಾಯುವುದಿಲ್ಲ. ಸೆಕೆ, ತೇವ ತಗುಲಿದರೆ ಹುಳಿ ವಾಸನೆ ಬಂದು, ಮುರುಟಿ, ಅಂಟಿಕೊಂಡು ಹಾಳಾಗುತ್ತದೆ.

ಬಣ್ಣದ ಕಥೆ ಬೇರೆ. ಇಲ್ಲಿ ನಮ್ಮ ಸೇಲಂ ಜಿಲ್ಲೆಯ ಹೆಸರು ಹೇಳಲೇಬೇಕು. ಟಿ. ಆರ್. ಸುಂದರಂ ಅವರು ಸೇಲಂನಲ್ಲಿ ಕಟ್ಟಿದ ಮಾಡರ್ನ್ ಥಿಯೇಟರ್ಸ್ ಸ್ಟುಡಿಯೋದಿಂದಲೇ 1956ರಲ್ಲಿ ತಮಿಳಿನ ಮೊದಲ ಪೂರ್ಣ ವರ್ಣಚಿತ್ರ ಅಲಿಬಾಬಾವುಂ 40 ತಿರುಡರ್ಗಳುಂ ಹೊರಬಂತು. ಮಲಯಾಳದ ಮೊದಲ ವರ್ಣಚಿತ್ರ ಕಂಡಂ ಬೆಚ್ಚ ಕೋಟ್ಟು ಕೂಡ 1961ರಲ್ಲಿ ಅಲ್ಲಿಂದಲೇ ಬಂದದ್ದು. ಏರ್ಕಾಡು ರಸ್ತೆಯಲ್ಲಿ ಆ ಸ್ಟುಡಿಯೋದ ಹೆಬ್ಬಾಗಿಲ ಕಮಾನನ್ನು ನೀವೂ ನೋಡಿರುತ್ತೀರಿ. ಕನ್ನಡದಲ್ಲಿ ಬಿ. ಎಸ್. ರಂಗಾ ಅವರ ಅಮರಶಿಲ್ಪಿ ಜಕಣಾಚಾರಿ 1964ರಲ್ಲಿ ಮೊದಲ ಪೂರ್ಣ ವರ್ಣಚಿತ್ರವಾಯಿತು. ಆ ಕಾಲದ ಬಣ್ಣದ ಫಿಲ್ಮಿನಲ್ಲಿ ಮೂರು ಬಣ್ಣದ ಪದರಗಳು: ಹಳದಿ, ಕೆನ್ನೇರಳೆ, ಹಸಿರುನೀಲಿ. ಮೂರೂ ಒಂದೇ ಸಮನೆ ಮಾಸಿದ್ದರೆ ಚಿತ್ರ ಬರೀ ತೆಳುವಾಗುತ್ತಿತ್ತು. ಆದರೆ ಹಸಿರುನೀಲಿಯೇ ಬಹುಬೇಗ ಮಾಸುತ್ತದೆ. ಆದ್ದರಿಂದಲೇ ಎಷ್ಟೋ ಹಳೆಯ ಬಣ್ಣದ ಸಿನಿಮಾಗಳಲ್ಲಿ ಆಕಾಶ, ಮರ, ಮನುಷ್ಯನ ಮುಖ ಎಲ್ಲವೂ ಗುಲಾಬಿಯಾಗಿ ಕಾಣುವುದು. ಅಂದು ಹಾಗೆ ತೆಗೆದಿರಲಿಲ್ಲ, ಇಂದು ಹಾಗಾಗಿದೆ. ಕಪ್ಪು ಬಿಳುಪಿನ ಚಿತ್ರದಲ್ಲಿರುವುದು ಬಣ್ಣವಲ್ಲ, ಬೆಳ್ಳಿಯ ಕಣ. ಅದಕ್ಕೆ ಈ ಕಾಟವಿಲ್ಲ. 1954ರ ಬೇಡರ ಕಣ್ಣಪ್ಪನಿಗಿಂತ 1970ರ ದಶಕದ ಬಣ್ಣದ ಚಿತ್ರವೇ ಹೆಚ್ಚು ಮುದುಕಾದಂತೆ ಕಂಡರೆ ಅದು ಇದೇ ಕಾರಣಕ್ಕೆ.

ಇನ್ನು ಸಿನಿಮಾ ಮನೆಗೆ ಬಂದ ಬಗೆ. ಮದರಾಸು ದೂರದರ್ಶನ ಶುರುವಾದದ್ದು 1975ರಲ್ಲಿ. ದೇಶದಲ್ಲಿ ಬಣ್ಣದ ಪ್ರಸಾರ ಬಂದದ್ದು 1982ರಲ್ಲಿ, ಡೆಲ್ಲಿಯ ಏಷ್ಯಾಡ್ ವರ್ಷ. ಜಪಾನಿನಲ್ಲಿ ಸೋನಿ ಕಂಪನಿ 1975ರಲ್ಲಿ ಬೀಟಾಮ್ಯಾಕ್ಸ್ ಎಂಬ ವೀಡಿಯೋ ಕ್ಯಾಸೆಟ್ಟನ್ನೂ, ಜೆ.ವಿ.ಸಿ. ಕಂಪನಿ 1976ರಲ್ಲಿ ವಿ.ಎಚ್.ಎಸ್. ಕ್ಯಾಸೆಟ್ಟನ್ನೂ ಹೊರತಂದಿದ್ದವು. ಕೊನೆಗೆ ನಿಂತದ್ದು ವಿ.ಎಚ್.ಎಸ್. ನಮ್ಮ ಕಡೆ ಆ ಪೆಟ್ಟಿಗೆಗೆ ‘ಡೆಕ್ಕು’ ಎಂದೇ ಹೆಸರು. ಹಬ್ಬಕ್ಕೋ ಮದುವೆಗೋ ಪೇಟೆಯಿಂದ ಡೆಕ್ಕು, ಟೀವಿ, ನಾಲ್ಕು ಕ್ಯಾಸೆಟ್ಟು ಬಾಡಿಗೆಗೆ ತಂದು, ರಾತ್ರಿಯಿಡೀ ಎರಡು ತಮಿಳು, ಎರಡು ಕನ್ನಡ ಎಂದು ಹಾಕಿಸಿಕೊಂಡು ನೋಡಿದವರು ಈ ಕಾರ್ಯಕ್ರಮ ಕೇಳುವವರಲ್ಲಿ ಬಹಳ ಮಂದಿ ಇರುತ್ತೀರಿ.

ಆ ಕ್ಯಾಸೆಟ್ಟಿನಲ್ಲಿ ಎಷ್ಟು ಚಿತ್ರ ಉಳಿಯುತ್ತಿತ್ತು? ಟೀವಿ ಪ್ರಸಾರದಲ್ಲಿ ಅಡ್ಡಲಾಗಿ ಸುಮಾರು 400 ಗೆರೆಗಳಷ್ಟು ಸೂಕ್ಷ್ಮ ಕಾಣಬಹುದಾದರೆ, ವಿ.ಎಚ್.ಎಸ್.ನಲ್ಲಿ ಉಳಿಯುತ್ತಿದ್ದದ್ದು ಸುಮಾರು 240. ಬಣ್ಣದ ಪಾಲು ಇನ್ನೂ ಕಡಿಮೆ. ಆದ್ದರಿಂದ ನಾಯಕಿಯ ಹಣೆಯ ಕುಂಕುಮ, ಕೆಂಪು ಸೀರೆಯ ಅಂಚು ತಮ್ಮ ಗಡಿಯಲ್ಲಿ ನಿಲ್ಲದೆ ಪಕ್ಕಕ್ಕೆ ಹರಿದಂತೆ ಕಾಣುತ್ತಿದ್ದವು. ಧ್ವನಿಯ ಗತಿಯೂ ಹಾಗೇ. ಹಾಡಿನ ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ, ವಿ.ಎಚ್.ಎಸ್. ಟೇಪು ಓಡುವುದು ಸುಮಾರು 2.34 ಸೆಂಟಿಮೀಟರ್. ಅದರ ಅಂಚಿನಲ್ಲಿ ಬರೆದ ಧ್ವನಿ ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳದೆ ಇನ್ನೇನು? ಇದರ ಮೇಲೆ, ಒಂದು ಕ್ಯಾಸೆಟ್ಟಿನಲ್ಲಿ ಎರಡು ಸಿನಿಮಾ ತುಂಬಬೇಕೆಂದು ಓಟವನ್ನು ಅರ್ಧಕ್ಕೆ ಇಳಿಸಿ ನಕಲು ಮಾಡುವ ಪದ್ಧತಿಯೂ ಇತ್ತು. ಕಂಪನಿಯ ಕ್ಯಾಸೆಟ್ಟಿನಿಂದ ಅಂಗಡಿಯವರು ಒಂದು ನಕಲು, ಅದರಿಂದ ಇನ್ನೊಬ್ಬರು ಇನ್ನೊಂದು. ನಮ್ಮ ಬೆಟ್ಟದ ಊರು ತಲುಪುವ ಹೊತ್ತಿಗೆ ಅದು ನಾಲ್ಕನೆಯ ಕಾರ್ಬನ್ ಪ್ರತಿ. ಚಿತ್ರದ ಕೆಳಗೆ ಅಂಗಡಿಗಳ ಜಾಹೀರಾತು ಓಡುತ್ತಿದ್ದದ್ದು ಬೇರೆ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಿ. ಸಿನಿಮಾಕ್ಕೆ ಸೆಕೆಂಡಿಗೆ 24 ಚಿತ್ರ ಎಂದೆ. ನಮ್ಮ ದೇಶದ ಟೀವಿಗೆ ಸೆಕೆಂಡಿಗೆ 25. ಟೇಪಿಗೆ ಇಳಿಸುವಾಗ ಸಾಮಾನ್ಯವಾಗಿ ಮಾಡುತ್ತಿದ್ದ ಸುಲಭದ ಉಪಾಯವೆಂದರೆ ಸಿನಿಮಾವನ್ನೇ 25ರ ವೇಗದಲ್ಲಿ ಓಡಿಸುವುದು. ಆಗ 150 ನಿಮಿಷದ ಚಿತ್ರ 144 ನಿಮಿಷಕ್ಕೇ ಮುಗಿಯುತ್ತದೆ. ಆರು ನಿಮಿಷ ಯಾರೂ ಕತ್ತರಿಸಿದ್ದಲ್ಲ, ಓಟದಲ್ಲಿ ಹೋದದ್ದು. ಅದರೊಂದಿಗೆ ಶ್ರುತಿಯೂ ಶೇಕಡಾ 4ರಷ್ಟು ಏರುತ್ತದೆ. ರೇಡಿಯೋದಲ್ಲಿ ಕೇಳಿದ ಹಾಡು ವೀಡಿಯೋದಲ್ಲಿ ತುಸು ಕೀರಲು ಎನಿಸಿದ್ದರೆ ನಿಮ್ಮ ಕಿವಿ ಸರಿಯಾಗಿಯೇ ಇದೆ.

ಎಲ್ಲಕ್ಕಿಂತ ದೊಡ್ಡ ನಷ್ಟ ಅಗಲದ್ದು. ಹಳೆಯ ಟೀವಿಯ ಅಗಲ ನಾಲ್ಕು ಪಾಲಾದರೆ ಎತ್ತರ ಮೂರು ಪಾಲು. ಮೊದಲಿನ ಸಿನಿಮಾಗಳೂ ಹೆಚ್ಚುಕಡಿಮೆ ಅದೇ ಆಕಾರದಲ್ಲಿದ್ದವು. ಆದರೆ 1977ರ ಸೊಸೆ ತಂದ ಸೌಭಾಗ್ಯದೊಂದಿಗೆ ಕನ್ನಡಕ್ಕೆ ಸಿನಿಮಾಸ್ಕೋಪ್ ಬಂತು. ಅದರಲ್ಲಿ ಅಗಲ ಎತ್ತರದ 2.35 ಪಟ್ಟು. ಅಂಥ ಚಿತ್ರವನ್ನು ಟೀವಿಯ ತುಂಬ ಹಿಡಿಸಬೇಕೆಂದರೆ ಎಡಬಲ ಸೇರಿ ಶೇಕಡಾ 43ರಷ್ಟು ಚಿತ್ರ ಹೊರಗೆ ಬೀಳುತ್ತದೆ. ಇಬ್ಬರು ಎದುರುಬದುರು ನಿಂತು ಮಾತಾಡುವ ದೃಶ್ಯದಲ್ಲಿ ಒಬ್ಬರ ಮೂಗು, ಇನ್ನೊಬ್ಬರ ಕಿವಿ ಮಾತ್ರ ಉಳಿಯುವುದು ಹೀಗೆ. ಶುರುವಿನಲ್ಲಿ ಹೆಸರುಗಳು ಬರುವಾಗ ಮಾತ್ರ ಜನರೆಲ್ಲ ತೆಂಗಿನ ಮರದ ಹಾಗೆ ಉದ್ದುದ್ದ ಕಾಣುತ್ತಿದ್ದದ್ದು ನೆನಪಿದೆಯೇ? ಹೆಸರು ಕತ್ತರಿಸಿ ಹೋಗಬಾರದೆಂದು ಆ ಭಾಗವನ್ನು ಹಾಗೆಯೇ ಹಿಂಡಿ ಬಿಡುತ್ತಿದ್ದರು. ಹೆಸರು ಮುಗಿದ ಕೂಡಲೇ ಕತ್ತರಿ ಬೀಳುತ್ತಿತ್ತು.

ಕ್ಯಾಸೆಟ್ಟಿನ ನಂತರ ಬಿಲ್ಲೆಯ ಕಾಲ. 1993ರಲ್ಲಿ ವಿ.ಸಿ.ಡಿ.ಯ ಅಳತೆ ನಿಗದಿಯಾಯಿತು. ಒಂದು ಬಿಲ್ಲೆಗೆ ಸುಮಾರು 74 ನಿಮಿಷ, ಆದ್ದರಿಂದ ನಮ್ಮ ಸಿನಿಮಾಗಳಿಗೆ ಎರಡು, ಮೂರು ಬಿಲ್ಲೆ ಬೇಕು. ಟೇಪಿನ ಹಾಗೆ ಸವೆಯದು, ನಕಲು ಮಾಡಿದರೂ ಮಾಸದು ಎಂಬುದು ಇದರ ಗುಣ. ಆದರೆ ಒಂದು ಚಿತ್ರಕ್ಕೆ ಅದರಲ್ಲಿ ಇರುವ ಚುಕ್ಕಿಗಳು 352 ಅಡ್ಡ, 288 ಉದ್ದ, ಅಂದರೆ 1,01,376. ಚಿತ್ರವನ್ನು ಚೌಕಚೌಕ ಮಾಡಿ ಅಡಕಿದ್ದರಿಂದ, ಮಳೆ, ನೀರು, ಕುದುರೆ ಓಟ ಬಂದಾಗ ಪರದೆ ಚೌಕುಳಿ ಪಂಚೆಯಂತೆ ಒಡೆದು ಕಾಣುತ್ತಿತ್ತು. ಹೊಗೇನಕಲ್ಲಿನ ಅಬ್ಬಿಯಂಥ ದೃಶ್ಯ ವಿ.ಸಿ.ಡಿ.ಗೆ ಬಹಳ ಕಷ್ಟದ ಪರೀಕ್ಷೆ. 1996ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಡಿ.ವಿ.ಡಿ.ಯಲ್ಲಿ ಚುಕ್ಕಿಗಳು ನಾಲ್ಕು ಪಟ್ಟಿಗೂ ಹೆಚ್ಚು, 4,14,720. ನಮ್ಮಲ್ಲಿ ಅದು ಮೊದಲು ದುಬಾರಿಯಾಗಿತ್ತು. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿ.ಸಿ.ಡಿ.ಗೆ 28 ರೂಪಾಯಿ, ಡಿ.ವಿ.ಡಿ.ಗೆ 34 ರೂಪಾಯಿ ಎಂದು ಬೆಲೆ ಇಳಿಸಿದ ಮೇಲೆ ಕೂಲಿ ಮಾಡುವವರ ಮನೆಗೂ ಬಿಲ್ಲೆ ಬಂತು.

ಆದರೂ ಡಿ.ವಿ.ಡಿ. ಎಂದ ಮಾತ್ರಕ್ಕೆ ಚಿತ್ರ ಚೆನ್ನಾಗಿರುತ್ತದೆ ಎಂದಲ್ಲ. ತಮಿಳಿನಲ್ಲಿ ನಾವು ಆಡುವ ಗಾದೆಯಿದೆಯಲ್ಲ, ಮಡಕೆಯಲ್ಲಿದ್ದರೆ ತಾನೇ ಸೌಟಿಗೆ ಬರುವುದು. ಎಷ್ಟೋ ಹಳೆಯ ಸಿನಿಮಾಗಳಿಗೆ ನೆಗೆಟಿವ್‌ನ ತನಕ ಯಾರೂ ಹೋಗಲಿಲ್ಲ. ಕ್ಯಾಸೆಟ್ಟಿನ ಕಾಲಕ್ಕೆ ಮಾಡಿಟ್ಟಿದ್ದ ಟೇಪನ್ನೇ ಬಿಲ್ಲೆಗೆ ಇಳಿಸಿದರು. ಆ ಟೇಪನ್ನಾದರೂ ಮಾಡಿದ್ದು ಥಿಯೇಟರಿನಲ್ಲಿ ಓಡಿದ ಪ್ರಿಂಟಿನಿಂದ. ಥಿಯೇಟರಿನ ಪ್ರಿಂಟಿನಲ್ಲಿ ಕಪ್ಪು ಬಹಳ ಕಪ್ಪು, ಬಿಳುಪು ಬಹಳ ಬಿಳುಪು. ದೊಡ್ಡ ದೀಪದ ಮುಂದೆ ಅದು ಸರಿ, ಟೀವಿಗೆ ಇಳಿಸಿದರೆ ರಾತ್ರಿಯ ದೃಶ್ಯವೆಲ್ಲ ಮಸಿ. ಜೊತೆಗೆ ಒಂದೇ ಬಿಲ್ಲೆಯಲ್ಲಿ ಮೂರು ಸಿನಿಮಾ ಎಂದು ಮಾರಿದಾಗ, ಒಂದು ಸಿನಿಮಾಕ್ಕೆ ಬೇಕಾದ ಜಾಗದಲ್ಲಿ ಮೂರನ್ನು ಒತ್ತಿ ತುರುಕಿದ್ದರಿಂದ, ಡಿ.ವಿ.ಡಿ.ಯೇ ವಿ.ಸಿ.ಡಿ.ಯ ಮಟ್ಟಕ್ಕೆ ಇಳಿಯಿತು. ಅಗ್ಗವೆಂದು ಕೊಂಡವರನ್ನು ದೂರಲಾಗದು. ಆದರೆ ಅಗ್ಗದ ಪ್ರತಿಯೇ ಉಳಿದು ಮೂಲ ಪ್ರತಿ ಕಸವಾದರೆ ಆ ನಷ್ಟ ಯಾರ ಲೆಕ್ಕಕ್ಕೆ?

ಮೂಲ ಪ್ರತಿಗಳು ಎಲ್ಲಿದ್ದವು ಎಂಬುದೂ ನಮಗೆ ತಿಳಿದಿರಬೇಕು. ಬಹುಕಾಲ ಕನ್ನಡ ಸಿನಿಮಾಗಳು ತಯಾರಾದದ್ದು ಮದರಾಸಿನ ಸ್ಟುಡಿಯೋಗಳಲ್ಲಿ, ತೊಳೆದದ್ದು ಅಲ್ಲಿನ ಲ್ಯಾಬುಗಳಲ್ಲಿ. ಕನ್ನಡದ ಮೂಲ ತಮಿಳು ನೆಲದಲ್ಲಿ ಭದ್ರವಾಗಿತ್ತು, ನಮ್ಮ ಹಾಗೆಯೇ. ನಿರ್ಮಾಪಕರು ತೀರಿಕೊಂಡರು, ಕಂಪನಿಗಳು ಮುಚ್ಚಿದವು, ಬಾಡಿಗೆ ಕಟ್ಟುವವರಿಲ್ಲದೆ ಡಬ್ಬಗಳು ಮೂಲೆ ಸೇರಿದವು. ಕೊನೆಗೆ ಲ್ಯಾಬುಗಳೂ ಮುಚ್ಚಿದವು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದ್ದರಿಂದ ಅಲ್ಲಿಗೆ ತಲುಪಿದವು ಬದುಕಿದವು.

ಬದುಕಿದ್ದರೆ ಏನಾಗುತ್ತದೆ ಎಂಬುದಕ್ಕೆ ಘಟಶ್ರಾದ್ಧವೇ ಸಾಕ್ಷಿ. ಯು. ಆರ್. ಅನಂತಮೂರ್ತಿಯವರ ಕಥೆ, ಗಿರೀಶ್ ಕಾಸರವಳ್ಳಿಯವರ ನಿರ್ದೇಶನ, 1977ರ ಕಪ್ಪು ಬಿಳುಪು ಚಿತ್ರ, ಆ ವರ್ಷದ ಸ್ವರ್ಣಕಮಲ ಪಡೆದದ್ದು. ಪುಣೆಯಲ್ಲಿ ಉಳಿದಿದ್ದ ನೆಗೆಟಿವ್‌ನಿಂದ ಒಂದೊಂದೇ ಚಿತ್ರವನ್ನು ಶುಚಿಮಾಡಿ, ಸ್ಕ್ಯಾನ್ ಮಾಡಿ, ಗೀರು ಕೊಳೆ ತೆಗೆದು, ಹೊಸದಾಗಿ ಸಿದ್ಧಪಡಿಸಿದರು. ಅಮೆರಿಕದ ಫಿಲ್ಮ್ ಫೌಂಡೇಷನ್, ನಮ್ಮ ದೇಶದ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಕೂಡಿ ಮಾಡಿಸಿದ ಆ ಪ್ರತಿ 2024ರಲ್ಲಿ ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ತಮಿಳಿನ ಕಡೆ ಬಿ. ಆರ್. ಪಂತುಲು ಅವರ 1964ರ ಕರ್ಣನ್ ಚಿತ್ರವನ್ನು ಚಿತ್ರ, ಧ್ವನಿ ಎರಡನ್ನೂ ತಿದ್ದಿ 2012ರಲ್ಲಿ ಥಿಯೇಟರಿಗೆ ತಂದರು. ಜನ ಮುಗಿಬಿದ್ದು ನೋಡಿದರು. ಪಂತುಲು ಕೋಲಾರ ಜಿಲ್ಲೆಯ ಕನ್ನಡಿಗರು, ಸ್ಕೂಲ್ ಮಾಸ್ಟರ್ ಮಾಡಿದವರು. ಎರಡು ನುಡಿಯ ನಾವು ಅವರನ್ನು ಎರಡು ಕಡೆಯಿಂದಲೂ ನಮ್ಮವರೆನ್ನಬಹುದು.

ಬಣ್ಣ ಹಚ್ಚುವುದು ಬೇರೆ ಮಾತು. 1965ರ ಸತ್ಯ ಹರಿಶ್ಚಂದ್ರ 2008ರಲ್ಲೂ, 1971ರ ಕಸ್ತೂರಿ ನಿವಾಸ 2014ರಲ್ಲೂ ಬಣ್ಣ ತುಂಬಿಕೊಂಡು ಮತ್ತೆ ತೆರೆಗೆ ಬಂದವು. ಹೊಸ ಮಕ್ಕಳು ಥಿಯೇಟರಿಗೆ ಬಂದರು, ರಾಜ್‌ಕುಮಾರ್ ಅವರ ಮಾತು ಕೇಳಿದರು, ಅದು ಒಳ್ಳೆಯದೇ. ಆದರೆ ಕಪ್ಪು ಬಿಳುಪಿಗೆಂದೇ ಲೆಕ್ಕ ಹಾಕಿ ದೀಪ ಇಟ್ಟು ತೆಗೆದ ಚಿತ್ರ ಅದು. ಬಣ್ಣದ ಪ್ರತಿ ಎಂಬುದು ಒಂದು ವ್ಯಾಖ್ಯಾನ, ಮೂಲವಲ್ಲ. ಕೊಳೆ ತೆಗೆಯುವುದು ಗುಡಿಯ ಕಲ್ಲನ್ನು ತೊಳೆದ ಹಾಗೆ, ಬಣ್ಣ ಹಚ್ಚುವುದು ಅದೇ ಕಲ್ಲಿಗೆ ಪೈಂಟ್ ಬಳಿದ ಹಾಗೆ. ಬಣ್ಣದ್ದೂ ಇರಲಿ. ಆದರೆ ಕಪ್ಪು ಬಿಳುಪಿನ ಶುದ್ಧ ಪ್ರತಿಯೂ ಸಿಗುವಂತಿರಬೇಕು ಎಂಬುದು ನನ್ನ ಅಭಿಪ್ರಾಯ.

ಇಂದು ಬಿಲ್ಲೆಗಳೂ ಮೂಲೆ ಸೇರಿವೆ. ವಿ.ಎಚ್.ಎಸ್. ಡೆಕ್ಕು ತಯಾರಿಸುತ್ತಿದ್ದ ಕೊನೆಯ ದೊಡ್ಡ ಕಂಪನಿ, ಜಪಾನಿನ ಫುನಾಯ್, 2016ರಲ್ಲಿ ನಿಲ್ಲಿಸಿತು. 2006ರಲ್ಲಿ ಬಂದ ಬ್ಲೂ ರೇ ಬಿಲ್ಲೆಯಲ್ಲಿ 20,73,600 ಚುಕ್ಕಿ, ಈಗಿನ 4ಕೆ ಟೀವಿಯಲ್ಲಿ 82,94,400 ಚುಕ್ಕಿ. ಆದರೆ ಫೋನಿನಲ್ಲಿ, ಯೂಟ್ಯೂಬ್‌ನಲ್ಲಿ ಸಿಗುವ ಎಷ್ಟೋ ಹಳೆಯ ಕನ್ನಡ ಸಿನಿಮಾ ಅದೇ ಹಳೆಯ ಟೇಪಿನದು, ಅದೇ ವಿ.ಸಿ.ಡಿ.ಯದು. ಮೇಲೆ ಎಚ್.ಡಿ. ಎಂದು ಬರೆದರೆ ಒಂದು ಲಕ್ಷ ಚುಕ್ಕಿ ಇಪ್ಪತ್ತು ಲಕ್ಷವಾಗದು. ಪಾಸ್‌ಬುಕ್ಕಿನಲ್ಲಿ ನಾವೇ ಸೊನ್ನೆ ಸೇರಿಸಿಕೊಂಡರೆ ಖಾತೆಯಲ್ಲಿ ಹಣ ಹೆಚ್ಚುವುದೇ?

ಹಾಗಾದರೆ ನಾವು ಮಾಡಬಹುದಾದದ್ದು ಏನು? ಮೂರು ಮಾತು ಹೇಳುತ್ತೇನೆ.

ಮೊದಲನೆಯದು, ಟೀವಿಯ ಆಕಾರ. ಈಗಿನ ಟೀವಿ ಅಗಲವಾದದ್ದು. ಹಳೆಯ ಚಿತ್ರವನ್ನು ಅದರ ತುಂಬ ಎಳೆದರೆ ಎಲ್ಲರೂ ಮೂರನೇ ಒಂದು ಪಾಲು ದಪ್ಪ ಕಾಣುತ್ತಾರೆ, ದೊಡ್ಡದು ಮಾಡಿ ತುಂಬಿಸಿದರೆ ಎತ್ತರದಲ್ಲಿ ಕಾಲು ಪಾಲು, ತಲೆಯೋ ಕಾಲೋ ಹೋಗುತ್ತದೆ. ರಿಮೋಟಿನಲ್ಲಿ ಪಿಕ್ಚರ್ ಸೈಜ್ ಎಂಬಲ್ಲಿ 4:3 ಎಂದು ಇಡಿ. ಎಡಬಲ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಮುಖ ಮುಖದ ಹಾಗೆ ಕಾಣುತ್ತದೆ.

ಎರಡನೆಯದು, ಆಯ್ಕೆ. ಒಂದೇ ಸಿನಿಮಾದ ಹಲವು ಪ್ರತಿಗಳು ಸಿಗುತ್ತವೆ. ಎಲ್ಲವನ್ನೂ ಒಂದೊಂದು ನಿಮಿಷ ನೋಡಿ. ರಾತ್ರಿಯ ದೃಶ್ಯದಲ್ಲಿ ಮುಖ ಕಾಣುತ್ತದೆಯೇ, ಹೆಸರುಗಳ ಅಂಚು ಕತ್ತರಿಸಿದೆಯೇ, ಹಾಡಿನ ಶ್ರುತಿ ಸರಿಯಿದೆಯೇ ಎಂದು ಗಮನಿಸಿ. ಒಳ್ಳೆಯದನ್ನು ಮಕ್ಕಳಿಗೆ ತೋರಿಸಿ. ಮೊದಲ ಸಲ ನೋಡುವ ಮಗುವಿಗೆ ನಾಲ್ಕನೆಯ ಕಾರ್ಬನ್ ಪ್ರತಿ ಕೊಡಬೇಡಿ.

ಮೂರನೆಯದು, ನಮ್ಮದೇ ಕ್ಯಾಸೆಟ್ಟುಗಳು. ಬೀರುವಿನ ಮೇಲೆ ಮದುವೆಯ, ಜಾತ್ರೆಯ, ತೀರಿಹೋದ ಅಜ್ಜಿ ಸೋಬಾನೆ ಹೇಳಿದ ವಿ.ಎಚ್.ಎಸ್. ಕ್ಯಾಸೆಟ್ಟು ಇದ್ದೀತು. ಸಿನಿಮಾಕ್ಕಾದರೂ ಎಲ್ಲೋ ಒಂದು ನೆಗೆಟಿವ್ ಇದ್ದೀತು, ಇವಕ್ಕೆ ಆ ಕ್ಯಾಸೆಟ್ಟೇ ಮೂಲ, ಅದೇ ಕೊನೆ. ಬೂಷ್ಟು ಹಿಡಿದಿದ್ದರೆ ಡೆಕ್ಕಿಗೆ ಹಾಕಬೇಡಿ, ಟೇಪು ಹರಿಯುತ್ತದೆ. ಒಣಗಿದ ಜಾಗದಲ್ಲಿ, ಸ್ಪೀಕರಿನ ಅಯಸ್ಕಾಂತದಿಂದ ದೂರ, ಪುಸ್ತಕದಂತೆ ನಿಲ್ಲಿಸಿಡಿ. ಟೇಪಿನಿಂದ ಕಂಪ್ಯೂಟರಿಗೆ ಇಳಿಸಿಕೊಡುವವರು ಪೇಟೆಯಲ್ಲಿ ಇನ್ನೂ ಇರುವಾಗಲೇ ಮಾಡಿಸಿ, ಎರಡು ಕಡೆ ಎರಡು ಪ್ರತಿ ಇಡಿ. ಮಾಡಿಸಿದ ಮೇಲೂ ಕ್ಯಾಸೆಟ್ಟನ್ನು ಎಸೆಯಬೇಡಿ. ಮೂಲ ಕಾಗದವನ್ನು ಯಾವ ಬ್ಯಾಂಕೂ ಎಸೆಯಲು ಹೇಳುವುದಿಲ್ಲ.

ನಮ್ಮ ಹಿರಿಯರ ನುಡಿ ಶಾಸನದಲ್ಲಿ ಇಲ್ಲ, ಶಾಲೆಯ ಪುಸ್ತಕದಲ್ಲಿ ಇಲ್ಲ. ಅದು ಇರುವುದು ಬಾಯಲ್ಲಿ, ಕಿವಿಯಲ್ಲಿ, ಇಂಥ ಒಂದೆರಡು ಟೇಪಿನಲ್ಲಿ. ಈ ವಾರ ಬೀರುವಿನ ಮೇಲೆ ಕೈಯಾಡಿಸಿ ನೋಡಿ. ಸಿಕ್ಕದ್ದರ ಮೇಲೆ ಹೆಸರು, ಊರು, ಇಸವಿ ಬರೆದಿಡಿ. ಕನ್ನಡದಲ್ಲಾದರೂ ಸರಿ, ತಮಿಳಿನಲ್ಲಾದರೂ ಸರಿ.